ನಂಬರ್ ಹದಿನೇಳರ 46 ಕಿಲೋ

ಜನವರಿಯ ಮೂರನೇ ವಾರ, ಸಂಜೆ ಆರೂಕಾಲಕ್ಕೆ ಫೋನ್ ಬಂತು. ಕೊಡಗಿನ ಸುಂಟಿಕೊಪ್ಪದಿಂದ ಒಳಗಿರುವ ರೊಬಸ್ಟಾ ಕಾಫಿ ತೋಟವೊಂದರ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. “ಅಣ್ಣಾ, ಮೊಬೈಲಿನ ಲೆಕ್ಕಕ್ಕೂ ನನ್ನ ಪುಸ್ತಕದ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ಬಟವಾಡೆಗೆ ಜನ ಬಂದು ಕೂತಿದ್ದಾರೆ” ಎಂದರು. “ಸೋಮವಾರ ಸರಿಪಡಿಸಿ ಕಳಿಸುತ್ತೇನೆ” ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಹೇಳಿ ಹೇಳಿ ಅಷ್ಟು ರೂಢಿಯಾಗಿತ್ತು. ಅವರು ತುಸು ಹೊತ್ತು ಸುಮ್ಮನಿದ್ದು, “ನಾಳೆ ಸಂತೆ ಅಣ್ಣಾ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬೈಕ್ ಹತ್ತಿದೆ.

ಕುಶಾಲನಗರದಲ್ಲಿ ನಾವು ನಾಲ್ವರು ಸೇರಿ ಕಾಫಿ ತೋಟಗಳಿಗೆ ತಂತ್ರಾಂಶ ಬರೆಯುತ್ತೇವೆ. ಚೆಕ್‌ರೋಲ್ ಎಂಬ ಕೆಲಸಗಾರರ ಹಾಜರಿ ಪಟ್ಟಿ, ಕುಯ್ಲಿನ ತೂಕ, ಮುಂಗಡ, ವಾರದ ಬಟವಾಡೆ, ಮಳೆಯ ಲೆಕ್ಕ, ಎಲ್ಲವೂ ಮೊಬೈಲಿನಲ್ಲೇ. ಅರೇಬಿಕಾ ಕುಯ್ಲು ಶುರುವಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ನಮಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ಹೊತ್ತಿಗೆ ಹದಿನಾಲ್ಕು ತೋಟಗಳು ನಮ್ಮನ್ನು ನಂಬಿದ್ದವು.

ತೋಟ ತಲುಪುವಾಗ ಏಳು ದಾಟಿತ್ತು. ಕಣದ ಅಂಚಿಗೆ ಒಂದು ಮೇಜು, ಮೇಜಿನ ಮೇಲೆ ಎಮರ್ಜೆನ್ಸಿ ಲ್ಯಾಂಪ್, ಅದರ ಬೆಳಕಿನಲ್ಲಿ ರೈಟರ್ ಅವರ ಉದ್ದನೆಯ ಪುಸ್ತಕ ಮತ್ತು ಪ್ಲಾಸ್ಟಿಕ್ ಹೊದಿಸಿದ ಮೊಬೈಲ್. ಹರಡಿದ್ದ ಹಣ್ಣಿನ ಹುಳಿವಾಸನೆ ಚಳಿಗೆ ಇನ್ನಷ್ಟು ದಟ್ಟವಾಗಿತ್ತು. ಐವತ್ತೊಂದು ಜನ ಶಾಲು, ಸ್ವೆಟರು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಚೆಕ್‌ರೋಲಿನಲ್ಲಿ ನಂಬರ್ 17 ಆಗಿರುವ ಅಕ್ಕ ಎದ್ದು ಬಂದರು. ಅವರ ಕೈಯಲ್ಲಿ ಪುಸ್ತಕವಿಲ್ಲ, ಚೀಟಿಯಿಲ್ಲ. “ಬುಧವಾರ ಮಧ್ಯಾಹ್ನ ಮೇಲಿನ ತೋಟದಲ್ಲಿ ನಲವತ್ತಾರು. ಸಂಜೆ ಇಲ್ಲಿ ಕಣದಲ್ಲಿ ಮೂವತ್ತೆಂಟು” ಎಂದರು. ರೈಟರ್ ಪುಸ್ತಕ ತಿರುಗಿಸಿ ಬೆರಳಿಟ್ಟು ತೋರಿಸಿದರು: 46, 38. ನಮ್ಮ ತಂತ್ರಾಂಶದಲ್ಲಿ ಬುಧವಾರದ ಮುಂದೆ 38 ಮಾತ್ರ ಇತ್ತು. ವಾರದ ಮೊತ್ತ ಪುಸ್ತಕದಲ್ಲಿ 412 ಕಿಲೋ, ಮೊಬೈಲಿನಲ್ಲಿ 366. ಕಿಲೋಗೆ 5 ರೂಪಾಯಿಯಂತೆ 230 ರೂಪಾಯಿ. ಬುಧವಾರ ಮೇಲಿನ ತೋಟಕ್ಕೆ ಹೋಗಿದ್ದ ಇಪ್ಪತ್ತಮೂರು ಜನರದ್ದೂ ಅದೇ ಕಥೆ.

ಕಾರಣ ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇಲಿನ ತೋಟ ಕಣಕ್ಕೆ ದೂರ. ಅಷ್ಟು ಚೀಲ ಹೊತ್ತು ಇಳಿಯುವುದು ಕಷ್ಟವೆಂದು ಅಲ್ಲಿ ಕುಯ್ಯುವ ದಿನ ಮಧ್ಯಾಹ್ನವೇ ಒಮ್ಮೆ ತೂಗಿ ಜೀಪಿಗೆ ಹಾಕುತ್ತಾರೆ. ಆ ತೂಕವನ್ನು ಮೇಸ್ತ್ರಿಯ ಮೊಬೈಲಿಗೆ ಹಾಕುತ್ತಾರೆ, ಸಂಜೆಯದ್ದನ್ನು ರೈಟರ್ ಮೊಬೈಲಿಗೆ. ಮೇಲಿನ ತೋಟದಲ್ಲಿ ಸಿಗ್ನಲ್ ಇಲ್ಲ. ರಾತ್ರಿ ಎರಡೂ ಮೊಬೈಲುಗಳು ಲೆಕ್ಕ ಒಪ್ಪಿಸುವಾಗ ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಅಳಿಸಿ ಕೂತುಬಿಟ್ಟಿತ್ತು. ಒಂದು ನಂಬರ್, ಒಂದು ದಿನ, ಒಂದು ತೂಕ ಎಂದು ಕಟ್ಟುಪಾಡು ಹಾಕಿದ್ದವನು ನಾನು. ಯಾರನ್ನೂ ಕೇಳದೆ ಹಾಕಿದ್ದೆ. ಕೇಳಬೇಕಾದ ಸಂಗತಿ ಅದೆಂದೇ ನನಗೆ ತೋಚಿರಲಿಲ್ಲ.

ಪುಸ್ತಕದ ಲೆಕ್ಕದಂತೆ ಬಟವಾಡೆ ನಡೆಯಿತು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹೆಸರನ್ನು ತಾಳೆ ನೋಡಿದೆ. ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ನಮ್ಮ ಪರೀಕ್ಷೆಗಳನ್ನು ಓಡಿಸಿದೆ. ತಂತ್ರಾಂಶ ಸರಿಯಾಗಿ ನಡೆಯುತ್ತಿದೆಯೇ ಎಂದು ತಾವೇ ನೋಡಿ ಹೇಳುವ 140 ಸ್ವಯಂಚಾಲಿತ ಪರೀಕ್ಷೆಗಳು ಆಗ ನಮ್ಮಲ್ಲಿದ್ದವು, ಅದು ನನ್ನ ಹೆಮ್ಮೆಯೂ ಆಗಿತ್ತು. 140ಕ್ಕೆ 140 ಹಸಿರು, ಅಂದರೆ ಎಲ್ಲವೂ ಪಾಸು. ಕೋಡ್ ಬರೆದ ತಲೆಯೇ ಪರೀಕ್ಷೆಯನ್ನೂ ಬರೆದಿತ್ತು. ಆ ತಲೆಗೆ ಗೊತ್ತಿಲ್ಲದ ಮೇಲಿನ ತೋಟ ಪರೀಕ್ಷೆಗೆ ಎಲ್ಲಿಂದ ಗೊತ್ತಾಗಬೇಕು?

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಈ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಅಲ್ಲಿ ಗುಣಮಟ್ಟ ಎಂಬ ಮಾತಿಗೆ ಕೊರತೆಯಿರಲಿಲ್ಲ. ತಂತ್ರಾಂಶ ಕಂಪನಿಗಳ ಕಾರ್ಯವಿಧಾನ ಎಷ್ಟು ಪಕ್ವವಾಗಿದೆ ಎಂದು ಅಳೆಯಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಐದು ಹಂತಗಳನ್ನು ಗೊತ್ತುಮಾಡಿತ್ತು. ಮೊಟೊರೋಲಾದ ಬೆಂಗಳೂರು ಘಟಕ ತೊಂಬತ್ತರ ದಶಕದ ಮೊದಲರ್ಧದಲ್ಲೇ ಐದನೇ ಹಂತ ಮುಟ್ಟಿತು, ಆಮೇಲೆ ಎಷ್ಟೋ ಕಂಪನಿಗಳು ಅದೇ ಏಣಿ ಹತ್ತಿದವು. ನಾನಿದ್ದ ಕಡೆಯೂ ಪ್ರತಿಯೊಂದಕ್ಕೂ ನಮೂನೆ, ಪ್ರತಿ ನಮೂನೆಗೂ ಸಹಿ ಇತ್ತು. ಆ ಶಿಸ್ತನ್ನು ನಾನು ಹಗುರವಾಗಿ ಕಾಣುವವನಲ್ಲ, ಇವತ್ತಿಗೂ ನನ್ನ ಕೈ ಹಿಡಿದಿರುವುದು ಅದೇ. ಆದರೆ ಆ ಒಂಬತ್ತು ವರ್ಷಗಳಲ್ಲಿ ನಾನು ಬರೆದದ್ದನ್ನು ಬಳಸುವ ಒಬ್ಬರ ಮುಖವನ್ನೂ ನೋಡಿರಲಿಲ್ಲ. ಊರಿಗೆ ಬಂದ ಮೇಲೂ, ಮುಕ್ಕಾಲು ಗಂಟೆಯ ದಾರಿಯಲ್ಲಿ ಅವರೆಲ್ಲ ಇದ್ದರೂ, ಅದೇ ದೂರವನ್ನು ಜೊತೆಗೆ ತಂದುಕೊಂಡಿದ್ದೆ. ತೋಟದ ಸಾಹುಕಾರರ ಮನೆಯ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಏನೇನು ಬೇಕೆಂದು ಬರೆದುಕೊಂಡು ಬಂದರೆ ವಿಷಯ ತಿಳಿಯಿತು ಎಂದುಕೊಂಡಿದ್ದೆ.

ಸೋಮವಾರ ನಾಲ್ವರೂ ಕೂತೆವು. ಅದುವರೆಗಿನ ನಮ್ಮ ಪದ್ಧತಿ ಹೀಗಿತ್ತು: ಫೋನ್ ಬರುತ್ತದೆ, ಅದೇ ರಾತ್ರಿ ತೇಪೆ ಹಾಕುತ್ತೇವೆ, ವಾಟ್ಸಾಪಿನಲ್ಲಿ ಹೊಸ ಆವೃತ್ತಿ ಕಳಿಸುತ್ತೇವೆ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಯಾವ ತೋಟದಲ್ಲಿ ಯಾವ ಆವೃತ್ತಿ ಇದೆಯೆಂದು ಕೊನೆಗೆ ನಮಗೇ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಹುಡುಗಿ ಆ ಋತುವಿನ ದೂರುಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿದಳು. ಒಟ್ಟು 63. “ಯಾರ ತಪ್ಪು ಎಂದು ಬೇಡ. ಇದು ಎಲ್ಲಿಂದ ಒಳಗೆ ಬಂತು ಎಂದು ಮಾತ್ರ ನೋಡೋಣ” ಎಂದಳು. ಮಧ್ಯಾಹ್ನದ ಊಟ ತಪ್ಪಿಸಿ ವಿಂಗಡಿಸಿದೆವು. ಕೋಡ್ ಬರೆಯುವಾಗ ಕೈತಪ್ಪಿದ್ದು 19. ಮೊಬೈಲ್, ಸಿಗ್ನಲ್, ಬ್ಯಾಟರಿಯದ್ದು 9. ಉಳಿದ 35ರಲ್ಲಿ ನಾವು ಅಂದುಕೊಂಡದ್ದನ್ನು ಒಂದಿಷ್ಟೂ ತಪ್ಪಿಲ್ಲದೆ ಬರೆದಿದ್ದೆವು. ಅಂದುಕೊಂಡದ್ದೇ ತಪ್ಪಾಗಿತ್ತು.

ಆ 35 ಚೀಟಿಗಳ ರಾಶಿಯನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಇನ್ನೂ ನೂರು ಪರೀಕ್ಷೆ ಬರೆದರೂ ಅದರಲ್ಲಿ ಒಂದು ಚೀಟಿಯೂ ಕರಗುತ್ತಿರಲಿಲ್ಲ.

ಹಾಗಾಗಿ ತೋಟಗಳಿಗೆ ಹೋದೆವು. ಒಬ್ಬೊಬ್ಬರು ಒಂದೊಂದು ತೋಟದಲ್ಲಿ ಒಂದು ವಾರ. ಲ್ಯಾಪ್‌ಟಾಪ್ ಒಯ್ಯುವಂತಿಲ್ಲ, “ನಿಮಗೇನು ಬೇಕು” ಎಂದು ಕೇಳುವಂತಿಲ್ಲ; ತೂಕದ ಹತ್ತಿರ ನಿಂತು ನೋಡುವುದು, ಬರೆದುಕೊಳ್ಳುವುದು. ಕೇಳಿದರೆ ಜನ ನಮ್ಮ ಮನಸ್ಸಿಗೆ ಹಿತವಾಗುವುದನ್ನೇ ಹೇಳುತ್ತಾರೆ. ಕೊಡಗಿನಲ್ಲಂತೂ ಮನೆಗೆ ಬಂದವರನ್ನು ನೋಯಿಸಿ ಮಾತನಾಡುವುದಿಲ್ಲ. ನಮ್ಮ ತಂತ್ರಾಂಶ ಬಹಳ ಚೆನ್ನಾಗಿದೆ ಎಂದು ಎರಡು ವರ್ಷ ಹೇಳಿದ್ದ ರೈಟರ್ ಒಬ್ಬರು ಅದನ್ನು ಕಣದಲ್ಲಿ ತೆರೆಯುವುದೇ ಇಲ್ಲ ಎಂಬುದು ನನಗೆ ಎರಡನೇ ದಿನ ಗೊತ್ತಾಯಿತು.

ಸುಂಟಿಕೊಪ್ಪದ ಅದೇ ತೋಟಕ್ಕೆ ನಾನು ಹೋಗಿದ್ದೆ. ಸಂಜೆ ನಾಲ್ಕೂವರೆಗೆ ಚೀಲಗಳು ಬಂದು ಸಾಲಾಗಿ ನಿಲ್ಲುತ್ತವೆ. ಮೇಸ್ತ್ರಿ ಚೀಲವನ್ನು ತಕ್ಕಡಿಗೆ ಎತ್ತಿ ಕೂಗುತ್ತಾರೆ: “ಹದಿನೇಳು! ನಲವತ್ತಮೂರೂವರೆ!” ರೈಟರ್ ಪುಸ್ತಕದಲ್ಲಿ ಗೀಚುತ್ತಾರೆ. ಮುಂದಿನ ಚೀಲ. ನಾನು ಗಡಿಯಾರ ಹಿಡಿದು ನೋಡಿದೆ. ಪುಸ್ತಕಕ್ಕೆ ಒಬ್ಬರಿಗೆ ಐದು ಸೆಕೆಂಡು. ನಮ್ಮ ತಂತ್ರಾಂಶದಲ್ಲಿ ಹೆಸರು ಹುಡುಕಿ, ಆರಿಸಿ, ತೂಕ ಒತ್ತಿ, ದಶಾಂಶದ ಚುಕ್ಕಿ ಒತ್ತಿ, ಉಳಿಸು ಒತ್ತುವಷ್ಟರಲ್ಲಿ ಇಪ್ಪತ್ತೆರಡು. ಬೆಳಿಗ್ಗೆಯಿಂದ ಕುಯ್ದು ಸೋತ ಐವತ್ತು ಜನ ಸಾಲಿನಲ್ಲಿರುವಾಗ ಆ ಹದಿನೇಳು ಸೆಕೆಂಡುಗಳನ್ನು ಯಾರ ಬೆನ್ನಿನ ಮೇಲೆ ಹೇರುವುದು? ಅದಕ್ಕೇ ಅವರು ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಮನೆಯಲ್ಲಿ ಕೂತು, ನಿದ್ದೆಗಣ್ಣಿನಲ್ಲಿ ಮೊಬೈಲಿಗೆ ಏರಿಸುತ್ತಿದ್ದರು. ನಾವು ಅವರ ಕೆಲಸವನ್ನು ಅರ್ಧ ಮಾಡಿದ್ದೇವೆ ಎಂದುಕೊಂಡಿದ್ದೆವು, ಇಮ್ಮಡಿ ಮಾಡಿದ್ದೆವು.

ಇನ್ನೊಂದು ಸಂಗತಿ. ಕಣದಲ್ಲಿ ಯಾರೂ ಹೆಸರು ಕೂಗುವುದಿಲ್ಲ, ನಂಬರ್ ಕೂಗುತ್ತಾರೆ. ‘ಪಾಯಿಂಟ್ ಐದು’ ಎನ್ನುವುದಿಲ್ಲ; ಕಾಲು, ಅರೆ, ಮುಕ್ಕಾಲು ಎನ್ನುತ್ತಾರೆ. ಹಣ್ಣಿನ ಅಂಟು ಹಿಡಿದ ಬೆರಳಿಗೆ ಪರದೆಯ ಸಣ್ಣ ಚುಕ್ಕಿ ಸಿಗುವುದೇ ಇಲ್ಲ. ನಾವು ಹೊಸದಾಗಿ ಕಟ್ಟಿದ ಪರದೆಯಲ್ಲಿ ದಪ್ಪ ದಪ್ಪ ಅಂಕಿಗಳು, ಅವುಗಳ ಪಕ್ಕ ¼, ½, ¾ ಎಂಬ ಮೂರು ಗುಂಡಿ ಮಾತ್ರ ಇವೆ. ನಂಬರ್ ಒತ್ತು, ತೂಕ ಒತ್ತು, ಮುಗಿಯಿತು. ಒಬ್ಬರಿಗೆ ಆರು ಸೆಕೆಂಡು. ಅದೇ ನಂಬರಿಗೆ ಆ ದಿನ ಎರಡನೇ ತೂಕ ಬಂದರೆ ಹಿಂದಿನದು ಅಳಿಯುವುದಿಲ್ಲ, ಕೆಳಗೆ ಇನ್ನೊಂದು ಸಾಲಾಗಿ ಕೂರುತ್ತದೆ. ಬರೆದ ಅಂಕಿಯನ್ನು ತಿದ್ದಿದರೆ ಹಳೆಯ ಅಂಕಿ ಗೀಟು ಹಾಕಿಕೊಂಡು ಕಾಣುತ್ತಲೇ ಇರುತ್ತದೆ. ಇದನ್ನು ರೈಟರ್ ಅವರ ಪುಸ್ತಕದಿಂದಲೇ ಕಲಿತೆವು. ಅವರು ರಬ್ಬರ್ ಬಳಸುವುದಿಲ್ಲ, ಗೀಟು ಹಾಕಿ ಪಕ್ಕದಲ್ಲಿ ಬರೆಯುತ್ತಾರೆ. ಅಳಿಸಿದ ಪುಸ್ತಕವನ್ನು ಬಟವಾಡೆಯ ಮೇಜಿನಲ್ಲಿ ಯಾರೂ ನಂಬುವುದಿಲ್ಲವಂತೆ.

ಮಳೆ ಪುಸ್ತಕದ ವಿಷಯ ಬೇರೆಯೇ ಪಾಠವಾಯಿತು. ಕೊಡಗಿನ ತೋಟದವರು ಮಳೆಯನ್ನು ಅಳೆಯುವುದು ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ಭಾಗಮಂಡಲದ ಕಡೆ ವರ್ಷಕ್ಕೆ ಇನ್ನೂರು ಇಂಚು ದಾಟುತ್ತದೆ, ನಮ್ಮ ಕುಶಾಲನಗರದ ಕಡೆ ಅದರ ಕಾಲು ಭಾಗ ಬಂದರೆ ಹೆಚ್ಚು. ಅಜ್ಜನ ಕಾಲದ ಮಳೆ ಲೆಕ್ಕವನ್ನು ಜತನವಾಗಿಟ್ಟ ಮನೆಗಳು ಇಲ್ಲಿ ಎಷ್ಟೋ ಇವೆ. ಮಡಿಕೇರಿ ಬಳಿಯ ಒಬ್ಬ ಹಿರಿಯರು ತಮ್ಮ ಹಳೆಯ ಪುಸ್ತಕಗಳನ್ನೆಲ್ಲ ನಮ್ಮ ತಂತ್ರಾಂಶಕ್ಕೆ ಏರಿಸಿದ್ದರು. ವರ್ಷದ ಮೊತ್ತ ಅವರ ನೆನಪಿಗೂ ಪುಸ್ತಕಕ್ಕೂ ಹೊಂದುತ್ತಿರಲಿಲ್ಲ. ಅವರ ಪಕ್ಕ ಕೂತು ನೋಡಿದಾಗ ತಿಳಿಯಿತು: ಐದು ಸೆಂಟು ಮಳೆಯನ್ನು ಅವರು .5 ಎಂದು ಬರೆಯುತ್ತಿದ್ದರು. ನಮ್ಮ ತಂತ್ರಾಂಶಕ್ಕೆ ಅದು ಅರ್ಧ ಇಂಚು, ಅಂದರೆ ಐವತ್ತು ಸೆಂಟು. ಫೆಬ್ರುವರಿ, ಮಾರ್ಚಿನಲ್ಲಿ ಬಿದ್ದು ಕಾಫಿಯ ಹೂ ಅರಳಿಸುವ ಹೂಮಳೆಗೆ ಇದು ಸಣ್ಣ ವ್ಯತ್ಯಾಸವೇ? ಐದು ಸೆಂಟು ಬಿದ್ದರೆ ಮೊಗ್ಗು ನೆನೆದು ಕೆಡುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು. ಹಿಂದೆ ಯಾವ ವರ್ಷ ಎಷ್ಟು ಮಳೆಗೆ ಹೂ ನಿಂತಿತು ಎಂದು ನೋಡಲೆಂದೇ ಆ ಲೆಕ್ಕ ಇರುವುದು. ಅದನ್ನೇ ನಾವು ಹಾಳುಗೆಡವಿದ್ದೆವು.

1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯಿತು. ಒಂದು ತಂಡದ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡದ ತಂತ್ರಾಂಶ ಅದನ್ನು ನ್ಯೂಟನ್ ಎಂಬ ಬೇರೆಯೇ ಅಳತೆಯ ಲೆಕ್ಕವೆಂದು ಓದಿತು. ಎರಡೂ ಕಡೆ ಕೂಡುವುದು ಕಳೆಯುವುದು ಸರಿಯಾಗಿಯೇ ಇತ್ತು. ಆ ಹಿರಿಯರ ಮೇಜಿನ ಮುಂದೆ ಕೂತಾಗ ನನಗೆ ಅದೇ ನೆನಪಾಯಿತು. ಈಗ ಮಳೆಗೆ ಎರಡು ಚೌಕ ಕೊಟ್ಟಿದ್ದೇವೆ, ಇಂಚಿಗೆ ಒಂದು, ಸೆಂಟಿಗೆ ಒಂದು. ಚುಕ್ಕಿಯೇ ಇಲ್ಲ. ಹಳೆಯ ಲೆಕ್ಕವನ್ನು ಅವರೊಂದಿಗೆ ಕೂತು, ಪುಟಪುಟವಾಗಿ ತಿದ್ದಲು ಮೂರು ಭಾನುವಾರ ಹಿಡಿಯಿತು.

ಕಚೇರಿಯೊಳಗಿನ ಕ್ರಮವೂ ಬದಲಾಗಬೇಕಿತ್ತು. ಅದು ಸುಲಭವಾಗಿರಲಿಲ್ಲ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್, ಬರೆದ ಕೋಡನ್ನು ಓಡಿಸಿ ನೋಡುವ ಮುನ್ನ ಬೇರೆಯವರು ಕೂತು ಸಾಲುಸಾಲಾಗಿ ಓದುವ ಕ್ರಮವನ್ನು ವಿವರಿಸಿದ್ದರು. ನಾಲ್ವರ ತಂಡಕ್ಕೆ ಅದೆಲ್ಲ ಯಾಕೆ ಎಂದು ನಾನೇ ಹಿಂದೆ ತಳ್ಳಿಹಾಕಿದ್ದೆ. ಈಗ ಇನ್ನೊಬ್ಬರು ಓದದೆ ಒಂದು ಸಾಲೂ ಹೊರಗೆ ಹೋಗುವುದಿಲ್ಲ. ಓದುವವರು ಮೊದಲು ಕೇಳುವ ಪ್ರಶ್ನೆ, “ಇದನ್ನು ಯಾವ ತೋಟದಲ್ಲಿ ನೋಡಿದೆ?” ಎಂಬುದು. ದೂರು ಬಂದರೆ ಅದನ್ನು ಮೊದಲು ಸೋಲುವ ಪರೀಕ್ಷೆಯಾಗಿ ಬರೆಯುತ್ತೇವೆ, ಸೋತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡಿಗೆ ಕೈ ಹಚ್ಚುತ್ತೇವೆ. ಪರೀಕ್ಷೆಗಳಿಗೆ ತೋಟದ ಭಾಷೆಯಲ್ಲೇ ಹೆಸರು: ‘ಮೇಲಿನ ತೋಟದ ಮಧ್ಯಾಹ್ನದ ತೂಕ’, ‘ಐದು ಸೆಂಟು ಮಳೆ’, ‘ಸಂತೆಗೆ ಮುಂಚಿನ ಬಟವಾಡೆ’. ಮೊದಲು ಅಲ್ಲಿ ಬರೀ ಸಂಖ್ಯೆಗಳಿದ್ದವು. ಕೊನೆಯ ಪರೀಕ್ಷೆಯ ಹಿಂದೆಯೂ ಒಂದು ದೂರಿತ್ತು. ನಮ್ಮ ತಂತ್ರಾಂಶದಲ್ಲಿ ವಾರ ಶನಿವಾರಕ್ಕೆ ಮುಗಿಯುತ್ತಿತ್ತು, ಆದರೆ ತೋಟದ ವಾರ ಮುಗಿಯುವುದು ಆಯಾ ಊರಿನ ಸಂತೆಗೆ.

ಹೊಸ ಆವೃತ್ತಿ ಈಗ ಮೊದಲು ಒಂದೇ ತೋಟಕ್ಕೆ ಹೋಗುತ್ತದೆ, ಸಂತೆಯ ಮರುದಿನ. ಒಂದು ವಾರ ಅಲ್ಲಿ ನಡೆದು, ಒಂದು ಬಟವಾಡೆ ದಾಟಿದ ಮೇಲೆ ಉಳಿದವರಿಗೆ. ಟೊಯೋಟಾ ಕಾರ್ಖಾನೆಯಲ್ಲಿ ಯಾವ ಕೆಲಸಗಾರ ಬೇಕಾದರೂ ತಪ್ಪು ಕಂಡ ಕೂಡಲೇ ಹಗ್ಗ ಎಳೆದು ಎಚ್ಚರಿಸಬಹುದು, ಕೂಡಲೇ ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲುತ್ತದೆ ಎಂದು ಓದಿದ್ದೆ. ಆ ಹಗ್ಗವನ್ನು ನಾವು ಸುಂಟಿಕೊಪ್ಪದ ರೈಟರ್ ಅವರ ಕೈಗೆ ಕೊಟ್ಟಿದ್ದೇವೆ. ಅವರು ಬೇಡವೆಂದರೆ ಆ ಆವೃತ್ತಿ ಮುಂದೆ ಹೋಗುವುದಿಲ್ಲ. ಎರಡು ಸಲ ಬೇಡವೆಂದಿದ್ದಾರೆ. ಎರಡು ಸಲವೂ ಅವರು ಹೇಳಿದ್ದು ಸರಿಯಿತ್ತು.

ಇದಕ್ಕೆಲ್ಲ ಬೆಲೆ ತೆತ್ತಿದ್ದೇವೆ. ನಾಲ್ಕು ತಿಂಗಳು ಹೊಸದೇನನ್ನೂ ಕೊಡಲಿಲ್ಲ. ಕರಿಮೆಣಸಿನ ಲೆಕ್ಕ ಬೇಕೆಂದು ಕಾಯುತ್ತಿದ್ದ ಎರಡು ತೋಟಗಳು ಬೇಸತ್ತು ಬಿಟ್ಟುಹೋದವು. ನನ್ನ ಜೊತೆಗಾರ ಆ ದಿನ, “ಇರುವುದನ್ನೇ ಉಜ್ಜುತ್ತಾ ಕೂತರೆ ಸಂಬಳ ಎಲ್ಲಿಂದ ಬರುತ್ತದೆ?” ಎಂದು ಮೇಜು ಕುಟ್ಟಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ಮೂರು ತಿಂಗಳ ಬಾಡಿಗೆ ಬಾಕಿಯಿತ್ತು. ಆದರೂ ನಾನು ಒಪ್ಪಲಿಲ್ಲ. ಬಟವಾಡೆಯ ಲೆಕ್ಕ ತಪ್ಪುವ ತಂತ್ರಾಂಶಕ್ಕೆ ಮೆಣಸಿನ ಲೆಕ್ಕ ಸೇರಿಸುವುದು, ಸೋರುವ ಮಾಡಿನ ಮೇಲೆ ಇನ್ನೊಂದು ಅಂತಸ್ತು ಕಟ್ಟಿದಂತೆ ಎಂದು ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ. ಮೆಣಸಿನ ಲೆಕ್ಕವನ್ನು ಅವನೇ ಮುಂದಿನ ಮಳೆಗಾಲದಲ್ಲಿ ಬರೆದ. ಜುಲೈಯಲ್ಲಿ ಮೂರು ದಿನ ಕರೆಂಟ್ ಇಲ್ಲದ ತೋಟದ ಮನೆಯಲ್ಲಿ ಕೂತು, ಬ್ಯಾಟರಿ ಮುಗಿಯುತ್ತಾ ಬಂದ ಮೊಬೈಲಿನಲ್ಲಿ ಲೆಕ್ಕ ಉಳಿಯುತ್ತದೆಯೇ ಎಂದು ಪರೀಕ್ಷಿಸಿ ಬಂದ.

ಗ್ರಾಹಕ ಯಾರು ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಹಣ ಕೊಡುವವರು ಸಾಹುಕಾರರು. ಬಳಸುವವರು ರೈಟರ್. ಆದರೆ ತಪ್ಪಾದರೆ 230 ರೂಪಾಯಿ ಕಳೆದುಕೊಳ್ಳುವವರು ನಂಬರ್ ಹದಿನೇಳು. ಅವರು ನಮ್ಮ ತಂತ್ರಾಂಶವನ್ನು ಮುಟ್ಟಿಯೂ ನೋಡಿಲ್ಲ. ಅವರಿಗಾಗಿ ನಾವು ಮಾಡಿದ್ದು ಒಂದು ಚೀಟಿ. ಬಟವಾಡೆಯ ಹಿಂದಿನ ದಿನ ಸಣ್ಣ ಯಂತ್ರದಲ್ಲಿ ಅಚ್ಚಾಗಿ ಬರುತ್ತದೆ. ದಿನ ದಿನದ ತೂಕ, ಮಧ್ಯಾಹ್ನದ್ದು ಬೇರೆ, ಸಂಜೆಯದ್ದು ಬೇರೆ, ಕಳೆದ ಮುಂಗಡ, ಕೈಗೆ ಬರುವ ಮೊತ್ತ. ಮೊದಲು ಅಭಿಮಾನದಿಂದ ಅಂಕಿಗಳನ್ನೂ ಕನ್ನಡದಲ್ಲೇ ಅಚ್ಚು ಹಾಕಿದ್ದೆವು. ಅಸ್ಸಾಮಿನಿಂದ ಕುಯ್ಲಿಗೆ ಬಂದ ಹುಡುಗರು ಚೀಟಿ ತಿರುಗಿಸಿ ಮುರುಗಿಸಿ ನೋಡುತ್ತಿದ್ದುದನ್ನು ಕಂಡು 1, 2, 3ಕ್ಕೆ ಬಂದೆವು.

ಕಳೆದ ಜನವರಿಯಲ್ಲಿ ಮತ್ತೆ ಅದೇ ಕಣಕ್ಕೆ ಹೋದೆ, ಈ ಸಲ ಯಾರೂ ಕರೆಯದೆ. ನಂಬರ್ ಹದಿನೇಳರ ಅಕ್ಕ ಮಗಳೊಂದಿಗೆ ಬಂದಿದ್ದರು. ಹುಡುಗಿ ಏಳನೇ ತರಗತಿಯಿರಬೇಕು. ಹಿಂದಿನ ದಿನವೇ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಕೂಡಿ ನೋಡಿದ್ದಳು, ಮೊತ್ತ ಸರಿಯಿತ್ತು. ಅಕ್ಕ ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಹೊರಡಲಿಲ್ಲ.

“ಅಣ್ಣಾ, ಇದರಲ್ಲಿ ಎಲ್ಲ ಬರೆದಿದೆ. ಚೀಲಕ್ಕೆಂದು ಎಷ್ಟು ಕಳೆದಿರಿ ಎಂದು ಮಾತ್ರ ಬರೆದಿಲ್ಲವಲ್ಲ?”

ಸಾಹುಕಾರರು ಪಕ್ಕದ ಕುರ್ಚಿಯಲ್ಲೇ ಇದ್ದರು. ರೈಟರ್ ಸಾಹುಕಾರರ ಮುಖ ನೋಡಿದರು. ಸಾಹುಕಾರರು ಒಂದು ಕ್ಷಣ ತಡೆದು, “ಒಂದು ಖಾಲಿ ಚೀಲ ತನ್ನಿ” ಎಂದರು. ಮೇಸ್ತ್ರಿ ಗೋಣಿಚೀಲವನ್ನು ಕೊಡವಿ ತಕ್ಕಡಿಯ ಮೇಲಿಟ್ಟರು. ಕೆಂಪು ಅಂಕಿಗಳು ಓಲಾಡಿ ನಿಂತವು: 0.640. ನಮ್ಮ ತಂತ್ರಾಂಶ ಚೀಲಕ್ಕೆ ಒಂದು ಕಿಲೋ ಕಳೆಯುತ್ತಿತ್ತು. ಹುಡುಗಿ ಆಗಲೇ ಪೆನ್ಸಿಲ್ ತೆಗೆದಿದ್ದಳು. ನಾನೂ ನನ್ನ ಪುಸ್ತಕ ತೆಗೆದು, ಹೊಸ ಪುಟದಲ್ಲಿ ಆ ವರ್ಷದ ಮೊದಲನೇ ದೂರನ್ನು ಅಕ್ಕನ ಮಾತಿನಲ್ಲೇ ಬರೆದುಕೊಂಡೆ.